ಪುಕ್ಕಲಮ್ಮನ ಕಾರು

ಬಟ್ಟೆ ಹೊಲಿದು ಬದುಕುವ ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಪುಕ್ಕಲಮ್ಮ. ಕರೆಂಟು ಹೋದರೂ ಬೆಚ್ಚುತ್ತಾಳೆ, ಬಂದರೂ ಬೆಚ್ಚುತ್ತಾಳೆ. ದೊಡ್ಡಪ್ಪ ಬಿಟ್ಟುಹೋದ ಹಳೆಯ ಆಟೋಮ್ಯಾಟಿಕ್ ಕಾರನ್ನು ಅವಳು ಓಡಿಸಲಿಲ್ಲ, ಮಾರಲೂ ಇಲ್ಲ. ವಾರಕ್ಕೊಮ್ಮೆ ಶೆಡ್ಡಿಗೆ ಹೋಗಿ ಇಂಜಿನ್ ಚಾಲೂ ಮಾಡಿ, ಅಲ್ಲಾಡದೆ ಸೀಟಿನಲ್ಲಿ ಕೂತಿರುತ್ತಿದ್ದಳು. ನನಗೋ ಅದನ್ನು ನೋಡಿದರೆ ರೇಗುತ್ತಿತ್ತು.

ಒಂದು ಬೆಳಿಗ್ಗೆ ಕಾರಿನಡಿ ಕೆಂಪು ಎಣ್ಣೆ ಕಂಡು ಅವಳ ಜೀವ ಬಾಯಿಗೆ ಬಂತು. ನಿಂತಲ್ಲೇ ಇಂಜಿನ್ ಓಡಿಸಿ ಗೇರ್‌ಬಾಕ್ಸನ್ನು ತಾನೇ ಹಾಳುಮಾಡಿದೆನೆಂದು ಹೆದರಿ ಮೆಕ್ಯಾನಿಕ್ಕನನ್ನು ಕರೆಸಿದಳು.

ಅವನು ಕಾರಿನಡಿ ನುಸುಳಿ ನೋಡಿ ಎದ್ದ. "ಗೇರ್‌ಬಾಕ್ಸಿಗೆ ಏನೂ ಆಗಿಲ್ಲಮ್ಮ. ನಿಂತಲ್ಲೇ ಇಂಜಿನ್ ಓಡಿದ್ರೆ ಅದು ಕೆಡಲ್ಲ. ಗಾಡಿ ತುಂಬಾ ದಿನ ನಿಂತ್ರೆ ಅದರ ಎಣ್ಣೆ ಕೆಳಗಿಳಿದು ರಬ್ಬರ್ ಸೀಲ್ ಹತ್ರ ಜಿನುಗುತ್ತೆ. ಸೀಲ್ ಬದಲಾಯಿಸ್ತೀನಿ, ನೀವು ಆಗಾಗ ಒಂದು ಸುತ್ತು ಓಡಿಸಿ."

"ಓಡಿಸೋದಾ? ಸುಮ್ನೆ ಕೂತ್ರೇನೇ ಭಯಕ್ಕೆ ತಲೆ ಸಿಡಿಯುತ್ತೆ, ವಾಂತಿ ಬಂದ ಹಾಗಾಗುತ್ತೆ. ಹೋದ ವಾರ ಕಣ್ಣು ಕತ್ತಲೆ ಬಂದು, ಹೇಗೋ ತೆವಳಿಕೊಂಡು ಇಳಿದೆ."

ಕೈ ಒರೆಸುತ್ತಿದ್ದ ಮೆಕ್ಯಾನಿಕ್ ಹಾಗೇ ನಿಂತ. "ಸ್ಟಾರ್ಟ್ ಮಾಡುವಾಗ ಶೆಡ್ಡಿನ ಶಟರ್ ತೆಗೆದಿರ್ತೀರಾ?"

"ಇಲ್ಲಪ್ಪ. ಸದ್ದಿಗೆ ಅಕ್ಕಪಕ್ಕದೋರು ಬೈತಾರೇನೋ ಅಂತ ಭಯ. ಪೂರ್ತಿ ಎಳೆದು, ಕೆಳಗಿನ ಸಂದಿಗೆ ಬಟ್ಟೆ ಚೂರು ತುರುಕಿರ್ತೀನಿ."

ಅವನು ಕಾರಿನ ಕೀಲಿ ಕಿತ್ತು ನನ್ನ ಕೈಗಿಟ್ಟ.

"ಅದು ಭಯ ಅಲ್ಲಮ್ಮ, ಇಂಜಿನ್ನಿನ ವಿಷದ ಹೊಗೆ. ಇನ್ನೊಂದು ವಾರ ಹೀಗೇ ಕೂತಿದ್ರೆ, ಕಾರು ಚೆನ್ನಾಗೇ ಇರ್ತಿತ್ತು."