ಮಾಸ್ತರರು ಕೊಟ್ಟ ಹುಟ್ಟಿದಹಬ್ಬ

ಪ್ರತಿ ವರ್ಷ ಜೂನ್ ಒಂದರಂದು ಟೆಕ್ಸಾಸಿನ ಫ್ಲೂಗರ್‌ವಿಲ್ ಊರಿನ ನಮ್ಮ ಊಟದ ಮೇಜಿನ ಮೇಲೆ ನನ್ನ ಹೆಸರು ಬರೆದ ಕೇಕೊಂದು ಬಂದು ಕೂರುತ್ತದೆ. ನಿಜ ಹೇಳಬೇಕೆಂದರೆ, ಓದುಗ ಮಿತ್ರರೇ, ನಾನು ಹುಟ್ಟಿದ್ದು ಅಂದಲ್ಲ. ನಾಗರಪಂಚಮಿಯ ಮರುದಿನ ಎಂದು ಅವ್ವ ಹೇಳುತ್ತಿದ್ದಳು; ಆದರೆ ಧಾರವಾಡದ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು, ಶಾಲೆ ತೆರೆಯುವ ದಿನವೇ ಬರೆಯಲು ಸುಲಭವೆಂದು, ನನಗೂ ನನ್ನ ಸಾಲಿನ ಅರ್ಧ ಹುಡುಗರಿಗೂ ಒಂದೇ ಜನ್ಮದಿನವನ್ನು ಧಾರಾಳವಾಗಿ ದಯಪಾಲಿಸಿಬಿಟ್ಟರು.

ಆ ಧಾರಾಳತನ ಟೆಕ್ಸಾಸಿನಲ್ಲಿ ನನ್ನ ಕೊರಳಿಗೆ ಸುತ್ತಿಕೊಂಡಿತು. ಮೊಮ್ಮಗಳು ಅನಘಳ ತರಗತಿಗೆ ವಾರಕ್ಕೊಮ್ಮೆ ಕಥೆ ಓದಲು ಬರುತ್ತೇನೆಂದು ಅರ್ಜಿ ಕೊಟ್ಟಿದ್ದೆ. ಮಕ್ಕಳ ಬಳಿ ಬರುವವರನ್ನೆಲ್ಲ ಪರಿಶೀಲಿಸುವ ನಿಯಮದಂತೆ ಶಾಲೆಯವರು ನನ್ನ ಹೆಸರು, ಹುಟ್ಟಿದ ದಿನ ಹಾಕಿ ಪೊಲೀಸ್ ದಾಖಲೆಗಳಲ್ಲಿ ಹುಡುಕಿಸಿದರೆ, ರಾಜ್ಯದ ಪಶ್ಚಿಮದ ಹತ್ತಿಹೊಲಗಳ ನಡುವಿನ ಯಾವುದೋ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅಂಗಡಿ ಕಳವಿನ ಆರೋಪದ ಮೇಲೆ ನಾನು ಅರೆಸ್ಟ್ ಆಗಿದ್ದೆನಂತೆ! ಅದೇ ಹೆಸರು, ಅದೇ ವರ್ಷ, ಅದೇ ಜೂನ್ ಒಂದು. ನಮ್ಮ ಸೀಮೆಯಲ್ಲಿ ನನ್ನಂಥ ಪಾಟೀಲರಿಗೂ ಬರವಿರಲಿಲ್ಲ, ಅಂಥ ಹೆಡ್‌ಮಾಸ್ತರರಿಗೂ ಬರವಿರಲಿಲ್ಲ. "ಜೂನ್ ಒಂದಕ್ಕ ಹುಟ್ಟಿದವರೆಲ್ಲಾ ಕಳ್ಳರೇನ್ರೀ?" ಎಂದು ನನ್ನಾಕೆ ಸಿಡಿದಳು. ಅರ್ಜಿ ಅಲ್ಲೇ ನಿಂತಿತು. ಯಾಕೆ ಬರಲಿಲ್ಲವೆಂದು ಅನಘ ಕೇಳಿದಾಗ ನಾಚಿಕೆಯಾಯಿತು; ಮಾಡದ ತಪ್ಪಿಗೆ ನಾಚಿದೆನಲ್ಲ ಎಂದು ಸಿಟ್ಟೂ ಬಂತು.

ಅದು ನಾನಲ್ಲವೆಂದು ಸಾಬೀತು ಮಾಡುವ ಹೊಣೆಯೂ ನನ್ನದೇ. ಆ ಕೌಂಟಿಯ ಕೋರ್ಟಿನ ಕಡತಗಳು ಅಂತರ್ಜಾಲದಲ್ಲಿಲ್ಲವೆಂದು ಐದು ಗಂಟೆ ಡ್ರೈವ್ ಮಾಡಿ ಹೋದೆ. ಅಲ್ಲಿನ ಕ್ಲರ್ಕ್ ಹೆಂಗಸು ಕಬ್ಬಿಣದ ಕಪಾಟಿನಿಂದ ಕಡತ ತೆಗೆದು, ಫೋಟೊವನ್ನೂ ನನ್ನ ಮುಖವನ್ನೂ ನೋಡಿ, ಇವರು ಅವರಲ್ಲ ಎಂದು ಬರೆದುಕೊಟ್ಟಳು. ಹಗುರಾಗಿ ಏಳುವಷ್ಟರಲ್ಲಿ ಕಡತದ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ಸಾಕ್ಷ್ಯವೇ ಇಲ್ಲವೆಂದು ಆ ಮೊಕದ್ದಮೆ ಎಂದೋ ವಜಾ ಆಗಿತ್ತು.

ಸಾರ್ವಜನಿಕ ದಾಖಲೆ ಎನ್ನುತ್ತಾರಲ್ಲ, ಯಾವ ಸರ್ವಜನಕ್ಕೆ? ದಸ್ತಗಿರಿ ಎಲ್ಲರ ಬೆರಳ ತುದಿಯಲ್ಲಿ, ಖುಲಾಸೆ ಮಾತ್ರ ಕಪಾಟಿನಲ್ಲಿ! ಮುಖಕ್ಕೆ ಮಸಿ ಬಳಿಯಲು ಕ್ಷಣ ಸಾಕು. ಒರೆಸುವ ಬಟ್ಟೆಯನ್ನು ಐದು ಗಂಟೆ ದೂರದಲ್ಲಿ ಬೀಗ ಹಾಕಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಕಳ್ಳ ನಾನಲ್ಲ, ಅವನು ಎಂದು ವಾರವಿಡೀ ಸಾರುತ್ತ ತಿರುಗಿದವನು ನಾನೇ ತಾನೆ?

ಈಗ ಶುಕ್ರವಾರಗಳಂದು ಕಥೆ ಓದುತ್ತೇನೆ. ಆ ಇನ್ನೊಬ್ಬ ಪಾಟೀಲನಿಗೆ ಆ ದಾಖಲೆಯಿಂದ ಯಾವ ಬಾಗಿಲು ಮುಚ್ಚಿದೆಯೋ ಗೊತ್ತಿಲ್ಲ. ಈ ಸಲ ಕೇಕು ಕತ್ತರಿಸಿದಾಗ ಮೊದಲ ತುಂಡನ್ನು ಬೇರೆ ತಟ್ಟೆಯಲ್ಲಿಟ್ಟೆ. "ಹೂ ಈಸ್ ದಟ್ ಫಾರ್, ಅಜ್ಜ?" ಎಂದಳು ಅನಘ.

"ನನ್ನ ಹೆಸರಿನವ ಒಬ್ಬ ಅದಾನವ್ವಾ, ಅವಂದೂ ಇವತ್ತ ಹುಟ್ಟಿದಹಬ್ಬ," ಎಂದೆ. "ಅವ ಕಳ್ಳ ಅಲ್ಲ."