ಅಪ್ಪ ಕೊಡಿಸಿದ ಫಿಲ್ಟರ್

ದಿನಾ ಕೆಲಸಕ್ಕೆ ಓಡಿಸುವ ಗಾಡಿಗೆ ಕಂಪನಿಯ ಏರ್ ಫಿಲ್ಟರ್ ಬಿಚ್ಚಿಹಾಕಿ, ಅಂಗಡಿಯಲ್ಲಿ ಸಿಗುವ ರೇಸ್ ಫಿಲ್ಟರ್ ಹಾಕಿಸಿದರೆ ಏನಾದರೂ ಪ್ರಯೋಜನ ಇದೆಯೇ? ಈ ಪ್ರಶ್ನೆಯನ್ನು ನಮ್ಮಪ್ಪ ಕೇಳಿದಷ್ಟು ಸಲ ಇಡೀ ಬೆಂಗಳೂರಿನಲ್ಲಿ ಇನ್ಯಾರೂ ಕೇಳಿರಲಾರರು. ತಮಾಷೆಯೆಂದರೆ ಅಪ್ಪನಿಗೆ ಸೈಕಲ್ ಬಿಟ್ಟು ಬೇರೇನೂ ಓಡಿಸಲು ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾವಿದ್ದದ್ದು ರಾಜಾಜಿನಗರದ ಬಾಡಿಗೆ ಮನೆಯಲ್ಲಿ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಣ್ಣನಿಗೆ ಕೆಂಗೇರಿಯಾಚೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಬಸ್ಸು ನಂಬಿಕೊಂಡರೆ ಆಗದು ಎಂದು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ಒಂದನ್ನು ತಂದ. ತಂದ ದಿನದಿಂದ ಅವನಿಗೆ ಅದರದ್ದೇ ಧ್ಯಾನ. ಜೊತೆಗಾರರು ಯಾರೋ ರೇಸ್ ಫಿಲ್ಟರ್ ಹಾಕಿಸಿದರೆ ಗಾಡಿ ಹಾರುತ್ತದೆಂದು ಅವನ ಕಿವಿ ಊದಿದರು. ನಮ್ಮ ಮನೆಯಲ್ಲಿ ಸಂಬಳದ ಕವರನ್ನು ಒಡೆಯದೆ ಅಪ್ಪನ ಕೈಗೆ ಕೊಡುವುದು ಪದ್ಧತಿ. ಹಾಗಾಗಿ ಒಂದು ಬೋಲ್ಟು ಬೇಕಾದರೂ ಅವನು ಅಪ್ಪನನ್ನೇ ಕೇಳಬೇಕು. ಕೇಳಿದ, ಗೋಗರೆದ, ಊಟ ಬಿಟ್ಟ. ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಇದ್ದ ಫಿಲ್ಟರಿಗೆ ಏನು ರೋಗ ಬಂದಿದೆ ಎಂದು ಗದರಿದರು.

ಆದರೆ ಆಯುಧಪೂಜೆಯ ಹಿಂದಿನ ದಿನ ಕಚೇರಿಯಿಂದ ನೇರ ಜೆ.ಸಿ. ರಸ್ತೆಗೆ ಹೋಗಿ, ಯಾರಿಗೂ ಹೇಳದೆ ಅದನ್ನು ಕೊಂಡು ತಂದವರೂ ಅಪ್ಪನೇ. ಮುಷ್ಟಿಗಾತ್ರದ ಜಾಲರಿಯ ಡಬ್ಬ, ಅದಕ್ಕೊಂದು ಕೆಂಪು ಮುಚ್ಚಳ. ಅಣ್ಣ ಅವತ್ತೇ ಹಾಕಿಸಿಕೊಂಡು ಬಂದ. ಅಬ್ಬಾ, ಆ ಸದ್ದು! ಎಂಜಿನ್ ಶುರು ಮಾಡಿದರೆ ಎದುರು ಮನೆಯ ಮಗು ಎದ್ದು ಅಳುತ್ತಿತ್ತು. ಅಣ್ಣ ಬೀದಿಯ ಆ ತುದಿಯಿಂದ ಈ ತುದಿಗೆ ಬಂದು, ಪಿಕಪ್ ನೋಡಿದಿರಾ ಎಂದು ಅಪ್ಪನನ್ನು ಕೇಳಿದ. ಅಪ್ಪ ಗೇಟಿನ ಹತ್ತಿರ ನಿಂತು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ.

ದೀಪಾವಳಿಗೆ ಮುಂಚೆ ಅಣ್ಣ ಹೋಗಿಬಿಟ್ಟ. ಮೈಸೂರು ರಸ್ತೆಯಲ್ಲಿ ಆಕ್ಸಲ್ ಮುರಿದ ಲಾರಿಯೊಂದು ನಿಂತಿತ್ತು. ದೀಪವಿಲ್ಲ, ಹಿಂದೆ ಒಂದು ಸೊಪ್ಪಿನ ಕೊಂಬೆ ಸಿಕ್ಕಿಸಿ, ಸುತ್ತ ನಾಲ್ಕು ಕಲ್ಲಿಟ್ಟಿದ್ದರು. ಕತ್ತಲಾಗುತ್ತಿದ್ದ ಹೊತ್ತು. ಕೆಲಸ ಮುಗಿಸಿ ಮನೆಗೆ ಬರುತ್ತಿದ್ದವನು ಹೋಗಿ ಅದಕ್ಕೇ ಬಡಿದ. ಆಸ್ಪತ್ರೆಯ ಜಗಲಿಯಲ್ಲಿ ಪೊಲೀಸಿನವನೊಬ್ಬ ಅಪ್ಪನಿಗೆ, "ಭಾರಿ ಸ್ಪೀಡಲ್ಲಿ ಬಂದಿದಾನೆ ಸಾರ್. ಸ್ವಲ್ಪ ನಿಧಾನ ಇದ್ದಿದ್ರೆ ಬ್ರೇಕ್ ಹಿಡೀತಿತ್ತು," ಎಂದ. ಸುಮ್ಮನೆ ಅಂದ ಮಾತು. ಆ ಮಾತು ನಮ್ಮಪ್ಪನ ಎದೆಗೆ ನೆಟ್ಟುಕೊಂಡಿತು.

ನಜ್ಜುಗುಜ್ಜಾದ ಗಾಡಿಯನ್ನು ಗುಜರಿಗೆ ಹಾಕುವ ಮುಂಚೆ ಅಪ್ಪ ಫಿಲ್ಟರನ್ನು ಬಿಚ್ಚಿಸಿ ತಂದರು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ತರಕಾರಿಯ ಕೈಚೀಲದಲ್ಲಿ ಅದನ್ನಿಟ್ಟುಕೊಂಡು, ಕಚೇರಿ ಬಿಟ್ಟ ಮೇಲೆ ಗ್ಯಾರೇಜಿಂದ ಗ್ಯಾರೇಜಿಗೆ ಅಲೆಯತೊಡಗಿದರು. ಮಾಗಡಿ ರಸ್ತೆ, ವಿಜಯನಗರ, ಬಸವೇಶ್ವರನಗರ, ಒಂದನ್ನೂ ಬಿಡಲಿಲ್ಲ. ಅವರಿಗೆ ಬೇಕಿದ್ದದ್ದು ಇಷ್ಟೇ: ಈ ಡಬ್ಬದಿಂದ ಗಾಡಿಯ ವೇಗ ಎಷ್ಟು ಹೆಚ್ಚುತ್ತದೆ? ಅಂದರೆ, ಮಗನನ್ನು ಕೊಂದದ್ದು ತಾನು ತಂದುಕೊಟ್ಟ ವಸ್ತುವೇ, ಅಲ್ಲವೇ?

ಅದನ್ನು ಹಾಗೇ ಬಾಯಿಬಿಟ್ಟು ಕೇಳಲು ಯಾವ ತಂದೆಗೆ ನಾಲಿಗೆ ಬರುತ್ತದೆ? "ನಮ್ಮ ಹುಡುಗ ಹಾಕಿಸ್ಬೇಕು ಅಂತಿದಾನೆ ಕಣಪ್ಪಾ. ಎಷ್ಟು ಸ್ಪೀಡ್ ಬರುತ್ತೆ?" ಎನ್ನುತ್ತಿದ್ದರು. ಗ್ಯಾರೇಜಿನವರು ಗಿರಾಕಿ ಬಂದನೆಂದು ಹಿಗ್ಗುತ್ತಿದ್ದರು. ಹತ್ತು ಕಿಲೋಮೀಟರ್ ಗ್ಯಾರಂಟಿ ಎಂದು ಒಬ್ಬ, ಹದಿನೈದು ಎಂದು ಇನ್ನೊಬ್ಬ, ಗಾಡಿ ಬಾಣದ ಹಾಗೆ ಹೋಗುತ್ತದೆ ಎಂದು ಮತ್ತೊಬ್ಬ. ಅವರ ಬಾಯಿಗೆ ಮಣ್ಣು ಬೀಳ! ಫಿಟ್ಟಿಂಗ್ ಚಾರ್ಜಿನ ಆಸೆಗೆ ಆಡಿದ ಸುಳ್ಳನ್ನು ಅಪ್ಪ ಮನೆಗೆ ಹೊತ್ತು ತಂದು, ಕೈಕಾಲು ಕೂಡ ತೊಳೆಯದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಅಮ್ಮ ತಟ್ಟೆ ಇಟ್ಟು ಕರೆದು ಕರೆದು ಸಾಕಾಗಿ ಎತ್ತಿಡುತ್ತಿದ್ದಳು.

ನಾನು ಆಗ ಕಾಲೇಜಿನಲ್ಲಿದ್ದೆ. ನನಗೆ ಬಾಯಿ ಜಾಸ್ತಿ ಎಂದು ಅಮ್ಮನ ದೂರು, ಸುಳ್ಳಲ್ಲ. ಒಂದು ಶನಿವಾರ ಹಟ ಹಿಡಿದು ಅಪ್ಪನ ಜೊತೆ ನಾನೂ ಹೊರಟೆ. ವಿಜಯನಗರದಲ್ಲಿ ಶೀಟಿನ ಛಾವಣಿಯ ಒಂದು ಗ್ಯಾರೇಜು. ಮೆಕ್ಯಾನಿಕ್ ನಡುವಯಸ್ಸಿನವನು. ಅಪ್ಪ ಚೀಲದಿಂದ ಫಿಲ್ಟರ್ ತೆಗೆದು, ನಮ್ಮ ಹುಡುಗ ಹಾಕಿಸಬೇಕು ಅಂತಿದಾನೆ ಎಂದು ಶುರು ಮಾಡಿದರು. ಅಣ್ಣ ಇನ್ನೂ ಇದ್ದಾನೆಂಬಂತೆ ಅಪ್ಪ ಮಾತಾಡುವುದನ್ನು ನನ್ನಿಂದ ಕೇಳಲಾಗಲಿಲ್ಲ. ಆ ಮೆಕ್ಯಾನಿಕ್ ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ನಮ್ಮಣ್ಣ ತೀರಿಹೋಗಿದ್ದಾನೆ, ಅವನ ಗಾಡಿಯಲ್ಲಿ ಇದೇ ಇತ್ತು, ವ್ಯಾಪಾರದ ಮಾತು ಬೇಡ, ನಿಜ ಹೇಳಿ ಎಂದೆ.

ಅವನು ಬಟ್ಟೆಗೆ ಕೈ ಒರೆಸಿಕೊಂಡು ಫಿಲ್ಟರನ್ನು ತಿರುಗಿಸಿ ತಿರುಗಿಸಿ ನೋಡಿದ. "ಸ್ಪೀಡ್ ಏನೂ ಬರಲ್ಲ ಸಾರ್. ಪೆಟ್ರೋಲ್ ಮೊದಲಿನಷ್ಟೇ ಹೋಗ್ತಿದ್ರೆ ಗಾಳಿ ಒಂದು ಜಾಸ್ತಿ ಆಗಿ ಏನು ಬಂತು? ಬರೀ ಸದ್ದು. ದಿನಾ ಓಡ್ಸೋ ಗಾಡಿಗೆ ಇದು ದಂಡ. ಧೂಳು ಒಳಗೆ ಹೋಗಿ ಎಂಜಿನ್ ಸವೆಯುತ್ತೆ, ಅಷ್ಟೇ." ಆಮೇಲೆ ಗಾಡಿ ಬಲ್ಲವರನ್ನು ನಾನೂ ವಿಚಾರಿಸಿದ್ದೇನೆ. ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಪ್ಪ ಚೀಲ ಹಿಡಿದು ಬಸ್ ಸ್ಟಾಪಿನತ್ತ ನಡೆದರು. ನನಗೋ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಿತ್ತು. ಕೇಳಿಸಿಕೊಂಡಿರಾ ಅಪ್ಪಾ, ಇನ್ನಾದರೂ ಆ ಯೋಚನೆ ಬಿಡಿ ಎಂದೆ. ಅಪ್ಪ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಒಳ್ಳೇ ಮನುಷ್ಯ. ನಿನ್ನ ಮುಖ ನೋಡಿ ಹಾಗಂದ," ಎಂದರು.

ಇಲ್ಲ, ಅದು ನಿಜವೇ ಎಂದು ನಾನು ಎಷ್ಟು ಹೇಳಿದರೂ ತಲೆಯಾಡಿಸಿದರು. "ನೀನು ವಿಷಯ ಹೇಳ್ಬಾರದಿತ್ತು ಕಣಮ್ಮ. ನೀನು ಹೇಳದೇ ಇದ್ದು ಅವನು ಹಾಗಂದಿದ್ರೆ ನಾನು ನಂಬ್ತಿದ್ದೆ."

ಮೆಕ್ಯಾನಿಕ್‌ಗಳು ಒಬ್ಬರಿಗೊಬ್ಬರು ಗೊತ್ತಿರುವವರು. ಸುದ್ದಿ ಹರಡಿತು. ಆಮೇಲೆ ಅಪ್ಪ ಯಾವ ಗ್ಯಾರೇಜಿಗೆ ಹೋದರೂ, ಚೀಲ ನೋಡಿದ ಕೂಡಲೇ ಸ್ಟೂಲು ಕೊಟ್ಟು ಕೂರಿಸಿ, ಕಾಫಿ ತರಿಸಿ, ಇದರಿಂದ ಏನೂ ಆಗುವುದಿಲ್ಲ ಸಾರ್ ಎಂದು ಮೆತ್ತಗೆ ಹೇಳುತ್ತಿದ್ದರು. ಅಪ್ಪ ಕಾಫಿ ಕುಡಿದು ಬರುತ್ತಿದ್ದರು. ಕೊನೆಗೆ ಹೋಗುವುದನ್ನೇ ನಿಲ್ಲಿಸಿದರು. ನಿಜ ಹೇಳಿದವರೆಲ್ಲ ಅವರ ಪಾಲಿಗೆ ಕರುಣೆಯಿಂದ ಸುಳ್ಳು ಹೇಳಿದವರು. ಮೊದಲು ಸುಳ್ಳು ಹೇಳಿದವರನ್ನೇ ಸಾಯುವತನಕ ನಂಬಿದರು.