ಅಸ್ಮಾರಾದಿಂದ ಅಡಿಸ್ ಅಬಾಬಾಗೆ ಒಂದು ಗಂಟೆ ಹತ್ತು ನಿಮಿಷ

ನಾನು ಒಬ್ಬನ ಹಲ್ಲು ಮುರಿದದ್ದು ಜೀವನದಲ್ಲಿ ಒಂದೇ ಸಲ. ಅದೂ ಸ್ವೀಡನ್ನಿನ ಲುಂಡ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಮೊದಲು ಕೈ ಎತ್ತಿದವನು ಅವನು. ಆದರೆ ತಪ್ಪು ನನ್ನದೇ.

ಆಗ ನಾನೊಂದು ಸಣ್ಣ ಕಂಪನಿಗೆ ವೆಬ್‌ಸೈಟ್ ಬರೆಯುತ್ತಿದ್ದೆ. ಯಾವ ಎರಡು ಊರು ಹಾಕಿದರೂ ನಡುವಿನ ದೂರ, ವಿಮಾನದ ಸಮಯ ತೋರಿಸಬೇಕು. ನೇರ ಗೆರೆ ಎಳೆದು ವೇಗದಿಂದ ಭಾಗಿಸಿದರೆ ಮುಗಿಯಿತು. ಅಲ್ಲಿ ವಿಮಾನ ನಿಜಕ್ಕೂ ಹಾರುತ್ತದೆಯೇ ಎಂದು ನಾನು ಯಾವತ್ತೂ ನೋಡಿದವನಲ್ಲ.

ಮೇಲಿನ ಮಹಡಿಯಲ್ಲಿದ್ದ ಬಸ್ ಚಾಲಕ ಎರಿಟ್ರಿಯಾದವನು. ಒಂದು ಶನಿವಾರ ಅವನ ಒಗೆಯುವ ಸರದಿ ಮುಗಿಯುವ ಹೊತ್ತಿಗೆ ನನ್ನದು ಶುರುವಾಯಿತು. ಸಿಕ್ಕವರ ಊರು ಕೇಳುವುದು ನಮ್ಮವರ ಚಾಳಿ; ಕೇಳಿದೆ. ತಾಯಿ ಅಸ್ಮಾರಾದಲ್ಲಿ, ಅಕ್ಕ ಅಡಿಸ್ ಅಬಾಬಾದಲ್ಲಿ, ಹದಿನೈದು ವರ್ಷಗಳಿಂದ ಅವರು ಭೇಟಿಯಾಗಿಲ್ಲ ಎಂದ. ನಾನು ಲ್ಯಾಪ್‌ಟಾಪ್ ತೆರೆದು ಎರಡೂ ಊರು ಹಾಕಿದೆ.

“ಬರೀ ಒಂದು ಗಂಟೆ ಹತ್ತು ನಿಮಿಷ! ನಮ್ಮ ಬೆಂಗಳೂರು–ಮುಂಬೈಗಿಂತ ಹತ್ತಿರ. ನಿಮ್ಮಕ್ಕ ಒಂದು ವೀಕೆಂಡ್‌ನಲ್ಲಿ ಹೋಗಿಬರಬಹುದು. ಮನಸ್ಸಿರಬೇಕು ಅಷ್ಟೇ,” ಎಂದು ಇಂಗ್ಲಿಷಿನಲ್ಲಿ ಹೇಳಿ ಹಲ್ಲುಕಿರಿದೆ.

ಲ್ಯಾಪ್‌ಟಾಪ್ ಗೋಡೆಗೆ ಬಡಿದು ಚೂರಾಯಿತು. ಮರುಕ್ಷಣವೇ ನನ್ನ ತಲೆ ಡ್ರೈಯರ್‌ನ ಬಾಗಿಲಿಗೆ ಅಪ್ಪಳಿಸಿತು. ನನಗೂ ಮೂಗಿನ ತುದಿಯಲ್ಲೇ ಕೋಪ. ಮುಖ ಮೂತಿ ನೋಡದೆ ಗುದ್ದಿದೆ. ಹಸಿ ಬಟ್ಟೆಗಳ ಮೇಲೆ ಇಬ್ಬರೂ ಉರುಳಾಡಿದೆವು. ಅವನು ಕತ್ತು ಹಿಸುಕಿದ. ನಾನು ಇನ್ನೊಂದು ಗುದ್ದು ಕೊಟ್ಟಾಗ ಅವನ ಮುಂದಿನ ಹಲ್ಲು ಮುರಿದು ನನ್ನ ಬೆರಳು ಸೀಳಿತು. ಅವನು ಕೈ ಬಿಟ್ಟದ್ದು ಹೆದರಿ ಅಲ್ಲ, ಅಳು ಬಂದು.

ಸದ್ದು ಕೇಳಿ ಇಳಿದು ಬಂದ ನನ್ನ ಹೆಂಡತಿ, “ಏನ್ರೀ ಇದು, ಸ್ಕೂಲ್ ಮಕ್ಕಳ ಥರ! ಬುದ್ಧಿ ಇದ್ಯಾ?” ಎಂದು ಬೈಯುತ್ತಲೇ ಇಬ್ಬರಿಗೂ ಐಸ್ ತಂದಳು.

ಐಸ್ ಒತ್ತಿಕೊಂಡೇ ಅವನು ಹೇಳಿದ: “ಆ ದಾರಿಯಲ್ಲಿ ವಿಮಾನ ಇಲ್ಲ. ಎರಿಟ್ರಿಯಾ–ಇಥಿಯೋಪಿಯಾ ಯುದ್ಧ ಆದಾಗಿನಿಂದ ಗಡಿ ಮುಚ್ಚಿದೆ. ಅಕ್ಕನ ಹತ್ತಿರ ಹೋಗುತ್ತೇನೆಂದು ನನ್ನ ತಮ್ಮ ನಡೆದೇ ಹೊರಟ. ಗಡಿಯಲ್ಲಿ ಬೆನ್ನಿಗೆ ಗುಂಡು ಹೊಡೆದರು. ಅಮ್ಮನಿಗೆ ಹೆಣವೂ ಸಿಗಲಿಲ್ಲ.”

ಸೋಮವಾರ ಆಫೀಸಿನಲ್ಲಿ ಸ್ವೀಡನ್ನಿನವರು ಫೀಕಾ ಎನ್ನುವ ಕಾಫಿ ಬಿಡುವಿನಲ್ಲಿ, ವೆಬ್‌ಸೈಟಿನಿಂದ ಅಸ್ಮಾರಾ–ಅಡಿಸ್ ಅಬಾಬಾ ಸಾಲು ತೆಗೆಯೋಣ ಎಂದು ಮ್ಯಾನೇಜರಿಗೆ ಹೇಳಿದೆ. ಲೆಕ್ಕ ಸರಿಯಿದೆಯಲ್ಲ ಎಂದು ಆತ ನಕ್ಕ. ಕೈಯಲ್ಲಿದ್ದ ಕಪ್ಪನ್ನು ಗೋಡೆಗೆ ಎಸೆದುಬಿಟ್ಟೆ. ಆಮೇಲೆ ಯಾರನ್ನೂ ಕೇಳದೆ ನಾನೇ ಆ ಸಾಲು ಅಳಿಸಿದೆ, ಮೇಲಿನ ಮಹಡಿಯವನಿಗೂ ಹೇಳಿದೆ.

2018ರ ಜುಲೈನಲ್ಲಿ ಎರಡೂ ದೇಶಗಳು ರಾಜಿಯಾಗಿ ವಿಮಾನ ಶುರುವಾಯಿತು. ಅವನು ನಮ್ಮ ಬಾಗಿಲಿಗೆ ಬಂದ. ಕಟ್ಟಿಸಿದ ಹಲ್ಲು ಉಳಿದವಕ್ಕಿಂತ ಬೆಳ್ಳಗಿತ್ತು.

“ನಾಳೆ ಅಕ್ಕ ಅಮ್ಮನ ಹತ್ತಿರ ಹೋಗುತ್ತಿದ್ದಾಳೆ. ಆ ಸಾಲು ವಾಪಸ್ ಹಾಕು.”

ಅವನೆದುರೇ ಹಾಕಿದೆ. ಪರದೆಯ ಮೇಲೆ ಬೆರಳಿಟ್ಟು ಓದಿದ: “ಒಂದು ಗಂಟೆ ಹತ್ತು ನಿಮಿಷ.”

ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

“ನನ್ನ ತಮ್ಮ ಆರು ದಿನ ನಡೆದಿದ್ದ,” ಎಂದ.